ಹಿಂದಿನ ತೂಕ: ಹಾಸನದ ಒಂದು ಸಣ್ಣ ಫೋರ್ಕ್‌ಲಿಫ್ಟ್ ಕಂಪನಿಯ ಪ್ರಕರಣ

ಈ ಕಂಪನಿಯ ಹೆಸರು ಹೇಳುವುದಿಲ್ಲ. ಮಾಲೀಕರನ್ನು ಯಜಮಾನರು ಅಂತಲೂ, ಅವರ ಹೆಂಡತಿಯ ತಮ್ಮನನ್ನು ಬಾಮೈದ ಅಂತಲೂ ಕರೆಯುತ್ತೇನೆ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಬ್ಯಾಂಕಿಗೆ ಕೊಡಲು ಇವರ ಪ್ರಾಜೆಕ್ಟ್ ರಿಪೋರ್ಟ್ ಬರೆದವನು ನಾನು. ಹಾಗಾಗಿ ಇದರಲ್ಲಿ ನನ್ನ ತಪ್ಪೂ ಇದೆ. ಅದು ಬರುವ ಜಾಗದಲ್ಲಿ ಒಪ್ಪಿಕೊಳ್ಳುತ್ತೇನೆ.

ಶುರುವಾಗಿದ್ದು ಹಾಸನದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ. ಒಂದು ಲೇತ್, ಎರಡು ವೆಲ್ಡಿಂಗ್ ಸೆಟ್, ಒಂದು ಡ್ರಿಲ್ಲಿಂಗ್ ಮೆಷಿನ್. ಮುಖ್ಯ ಕೆಲಸ ಪಲ್ಪರ್ ರಿಪೇರಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ್ದು. ಕಾಫಿ ಕೊಯ್ಲು ಬಂತೆಂದರೆ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟಗಳಿಂದ ಜೀಪಿನಲ್ಲಿ ಪಲ್ಪರ್ ಬಂದು ಬೀಳುತ್ತಿದ್ದವು. ಮಿಕ್ಕ ತಿಂಗಳು ಟ್ರಾಕ್ಟರ್ ಟ್ರೈಲರ್, ಗೇಟು, ಗ್ರಿಲ್.

ಒಂದು ಪಲ್ಪರನ್ನು ಜೀಪಿನಿಂದ ಇಳಿಸಿ ಲೇತ್ ಹತ್ತಿರ ಒಯ್ಯಲು ನಾಲ್ಕು ಜನ ಬೇಕು. ಸೀಸನ್ನಿನಲ್ಲಿ ಆ ನಾಲ್ವರು ಸಿಗಬೇಕಲ್ಲ? ಯಜಮಾನರು ಲಾರಿಯ ಹಳೇ ಹೈಡ್ರಾಲಿಕ್ ಜಾಕನ್ನು ನಾಲ್ಕು ಚಕ್ರದ ಚೌಕಟ್ಟಿಗೆ ಕೂರಿಸಿ ಒಂದು ತಳ್ಳುಗಾಡಿ ಮಾಡಿಕೊಂಡರು. ಹಿಡಿಕೆ ಒತ್ತಿದರೆ ಸಾಮಾನು ಮೇಲೆ ಬರುತ್ತೆ, ಒಬ್ಬನೇ ತಳ್ಳಿಕೊಂಡು ಹೋಗಬಹುದು. ಬೇರಿಂಗ್ ತಗೊಂಡು ಹೋಗಲು ಬಂದಿದ್ದ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡುವ ಕಾರ್ಖಾನೆ) ಒಂದರ ಮ್ಯಾನೇಜರ್ ಇದನ್ನು ನೋಡಿದರು. ಎರಡು ಸಲ ತಾವೇ ತಳ್ಳಿ ನೋಡಿದರು. "ಇಂಥದ್ದೊಂದು ನಮಗೂ ಮಾಡಿಕೊಡಿ ಯಜಮಾನ್ರೇ" ಅಂದರು. ಕಂಪನಿ ಹುಟ್ಟಿದ್ದು ಅಲ್ಲಿ.

ಫೋರ್ಕ್‌ಲಿಫ್ಟ್ ಅನ್ನೋ ಯಂತ್ರ, ಅಂದರೆ ಮುಂದಿನ ಎರಡು ಕಬ್ಬಿಣದ ತೋಳಿನಿಂದ (ಅವೇ ಫೋರ್ಕ್) ಸಾಮಾನು ಎತ್ತಿ ಸಾಗಿಸುವ ಗಾಡಿ, ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೇ. ಅಮೆರಿಕದ ಮಿಶಿಗನ್ ರಾಜ್ಯದ ಬುಕಾನನ್ ಊರಿನಲ್ಲಿ ಕ್ಲಾರ್ಕ್ ಕಂಪನಿಯ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ಕಾರ್ಖಾನೆ ಇತ್ತು. 1917ರಲ್ಲಿ ಕಾರ್ಖಾನೆಯೊಳಗೆ ಮಾಲು ಸಾಗಿಸಲು ತಮಗೇ ಅಂತ ಒಂದು ಗಾಡಿ ಮಾಡಿಕೊಂಡರು. ಟ್ರಕ್‌ಟ್ರಾಕ್ಟರ್ ಅಂತ ಅದರ ಹೆಸರು. ಕಾರ್ಖಾನೆಗೆ ಬಂದು ಹೋಗುವವರು ನಮಗೂ ಒಂದು ಕೊಡಿ ಅಂತ ಕೇಳತೊಡಗಿದರು, ಮಾರಾಟ ಶುರುವಾಯಿತು. ಆಗ ಅದಕ್ಕೆ ಎತ್ತುವ ಫೋರ್ಕ್ ಇರಲಿಲ್ಲ. ಫೋರ್ಕ್ ಮತ್ತು ಅದು ಏರಿ ಇಳಿಯಲು ನೆಟ್ಟಗೆ ನಿಲ್ಲುವ ಕಂಬ (ಮಾಸ್ಟ್) ಸೇರಿದ ಬ್ಯಾಟರಿ ಗಾಡಿಯನ್ನು ಯೇಲ್ ಕಂಪನಿ ತಂದದ್ದು 1923ರಲ್ಲಿ.

ಈ ಕಥೆಯನ್ನು ಯಜಮಾನರಿಗೆ ಹೇಳಿದವನೂ ನಾನೇ. ಅವರ ಕಣ್ಣು ಅರಳಿತು. "ಹಂಗಾದ್ರೆ ನಾವೂ ಸರಿಯಾದ ದಾರೀಲೇ ಇದೀವಿ ಅಲ್ವಾ ಸಾರ್?" ಅಂದರು. ಕ್ಲಾರ್ಕ್‌ನವರು ಗಾಡಿ ಮಾಡುವ ಮೊದಲೇ ಆಕ್ಸಲ್ ಮಾಡುವುದರಲ್ಲಿ ಪಳಗಿದ್ದರು. ಆ ಮಾತಿಗೆ ನಾವಿಬ್ಬರೂ ಒತ್ತು ಕೊಡಲಿಲ್ಲ.

ಚೆನ್ನಾಗಿ ನಡೆದ ವರ್ಷಗಳು

ಕ್ಯೂರಿಂಗ್ ವರ್ಕ್ಸ್‌ಗಳಿಗೆ ಇಂಥ ಗಾಡಿ ಯಾಕೆ ಬೇಕಾಯಿತು ಅನ್ನೋದಕ್ಕೆ ಕಾರಣವಿದೆ. ಮೊದಲು ಬೆಳೆಗಾರರ ಕಾಫಿಯೆಲ್ಲ, ಒಟ್ಟು ಸೇರಿಸಿ ಮಾರುವ, ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಅದನ್ನು ಹಂತ ಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಪೂರ್ತಿ ಕಾಫಿಯನ್ನು ತಾನೇ ಮಾರಬಹುದು ಅಂತಾಯಿತು. ಪೂಲ್ ಇದ್ದಾಗ ಒಂದೇ ದರ್ಜೆಯದು ಒಂದೇ ಅಟ್ಟಿಗೆ ಹೋದರೆ ನಡೆಯುತ್ತಿತ್ತು. ಈಗ ಇವರ ಲಾಟ್ ಬೇರೆ, ಅವರ ಲಾಟ್ ಬೇರೆ. ಒಂದು ಲಾಟ್ ತೆಗೆಯಲು ಇನ್ನೊಂದನ್ನು ಸರಿಸಬೇಕು. ಅದೇ ಚೀಲವನ್ನು ಎರಡು ಸಲ, ಮೂರು ಸಲ ಎತ್ತಿ ಇಡುವ ಕೆಲಸ ಜಾಸ್ತಿಯಾಯಿತು.

ರಫ್ತಿನ ಕಾಫಿ ಚೀಲ 60 ಕೆಜಿ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿಗಿಂತ ಜಾಸ್ತಿ ಇದ್ದರೆ ಅದನ್ನು ಬೇಗ ಇಳಿಸಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಹಮಾಲರು ಆ 60 ಕೆಜಿಯನ್ನು ಬೆನ್ನ ಮೇಲೆ ಹಾಕಿಕೊಂಡು ಹಲಗೆ ಹತ್ತುತ್ತಿದ್ದರು. ಅವರ ಮಕ್ಕಳು ಆ ಕೆಲಸಕ್ಕೆ ಬರಲು ಒಪ್ಪುತ್ತಿರಲಿಲ್ಲ. ಸರಿಯಾಗೇ ಮಾಡಿದರು ಅನ್ನಿ.

ಯಜಮಾನರು ಮೊದಲು ಹ್ಯಾಂಡ್ ಪ್ಯಾಲೆಟ್ ಟ್ರಕ್ ಮಾಡಿದರು, ಅಂದರೆ ಪ್ಯಾಲೆಟ್ಟನ್ನು (ಚೀಲ ಪೇರಿಸುವ ಹಲಗೆ ತಟ್ಟೆ) ನೆಲದಿಂದ ಸ್ವಲ್ಪ ಎತ್ತಿ ತಳ್ಳುವ ಕೈಗಾಡಿ. ಆಮೇಲೆ ಒಂದು ಟನ್ನಿನ ಕೈ ಸ್ಟ್ಯಾಕರ್, ಅಂದರೆ ಅದನ್ನು ಎತ್ತರಕ್ಕೆ ಏರಿಸಿ ಪೇರಿಸುವ ಗಾಡಿ. ಸ್ಟ್ಯಾಕರ್‌ನ ಒಳಗುಟ್ಟು ಸುಲಭ. ಸಿಲಿಂಡರ್‌ನ ತಲೆಗೆ ಒಂದು ರಾಟೆ, ಅದರ ಮೇಲೆ ಚೈನು. ಸಿಲಿಂಡರ್ ಒಂದಡಿ ಏರಿದರೆ ಫೋರ್ಕ್ ಎರಡಡಿ ಏರುತ್ತದೆ.

ಇವರ ಮಾಲು ಮಾರುಕಟ್ಟೆಯಲ್ಲಿ ನೆಲೆ ನಿಂತಿದ್ದು ಒಂದು ಸಣ್ಣ ವಿಷಯದಿಂದ. ಗೋಡೌನ್ ನೆಲದ ಮೇಲೆ ಯಾವಾಗಲೂ ಗೋಣಿ ನೂಲು ಬಿದ್ದಿರುತ್ತದೆ. ಅದು ಚಕ್ರಕ್ಕೆ ಸುತ್ತಿಕೊಂಡು ಬೇರಿಂಗಿನೊಳಗೆ ಹೋಗಿ ಗಾಡಿ ಜಾಮ್ ಆಗುತ್ತದೆ. ಬಾಮೈದ ಚಕ್ರದ ಎರಡೂ ಪಕ್ಕಕ್ಕೆ ತೆಳು ತಗಡಿನ ಬಿಲ್ಲೆ ಹಾಕಿದ. ಅಷ್ಟೇ. ಹೊರಗಿನಿಂದ ಬಂದ ಯಾವ ಗಾಡಿಯಲ್ಲೂ ಆ ಬಿಲ್ಲೆ ಇರಲಿಲ್ಲ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಂದಲೂ ಆರ್ಡರ್ ಬಂತು. ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿಗೆ ಎರಡು ಹೋದವು. ಶೆಡ್ಡಿನಲ್ಲಿ ಹನ್ನೊಂದು ಜನ ಕೆಲಸಕ್ಕಿದ್ದರು.

ಸಮಸ್ಯೆ

2000ದ ದಶಕದಲ್ಲಿ ಚೀನಾದ ಹ್ಯಾಂಡ್ ಪ್ಯಾಲೆಟ್ ಟ್ರಕ್ ಬಂತು. ಎರಡೂವರೆ ಟನ್ ಎತ್ತುತ್ತೆ, ಫೋರ್ಕ್ 1150 ಮಿ.ಮೀ. ಉದ್ದ, ಕೆಳಗಿಳಿಸಿದಾಗ ನೆಲದಿಂದ 85 ಮಿ.ಮೀ. ಪೇಂಟ್ ನುಣುಪಾಗಿ ಇರುತ್ತಿತ್ತು. ಅದರ ಮಾರಾಟದ ಬೆಲೆ ಇವರಿಗೆ ಕಬ್ಬಿಣ ಮತ್ತು ಸೀಲ್ ಕಿಟ್ ತರುವ ಖರ್ಚಿನ ಹತ್ತಿರ ಬಂದು ನಿಂತಿತು. ಇದು ಹಾಸನದ ಗೋಳು ಮಾತ್ರ ಅಲ್ಲ. ಚೀನಾದಿಂದ ಬರುವ ಇದೇ ಗಾಡಿಗಳ ಮೇಲೆ ಯುರೋಪಿಯನ್ ಒಕ್ಕೂಟ 2005ರಲ್ಲಿ ಡಂಪಿಂಗ್ (ತೀರಾ ಕಡಿಮೆ ಬೆಲೆಗೆ ತಂದು ಸುರಿಯುವುದು) ವಿರೋಧಿ ಸುಂಕ ಹಾಕಿತು. ಅವರಿಗೆ ಸುಂಕ ಹಾಕಲು ಒಂದು ಒಕ್ಕೂಟ ಇತ್ತು.

ಒಂದು ಭಾನುವಾರ ಯಜಮಾನರ ಮನೆಯಲ್ಲಿ ಕೂತೆವು. ಅಕ್ಕಿ ರೊಟ್ಟಿ, ಕಾಫಿ, ಎದುರಿಗೆ ಕ್ಯಾಶ್ ಪುಸ್ತಕ. ಪುಸ್ತಕ ಬರೆಯುತ್ತಿದ್ದವರು ಯಜಮಾನರ ಹೆಂಡತಿ. ಬಾಮೈದ ಹೇಳಿದ್ದು: ಪ್ಯಾಲೆಟ್ ಟ್ರಕ್ ಬಿಟ್ಟುಬಿಡೋಣ, ಸ್ಟ್ಯಾಕರ್ ಮತ್ತು ರಿಪೇರಿ ಇಟ್ಟುಕೊಳ್ಳೋಣ. ಯಜಮಾನರು ಹೇಳಿದ್ದು: ಕೆಳಗಿನಿಂದ ತಳ್ಳಿದರೆ ನಾವು ಮೇಲಕ್ಕೆ ಹೋಗಬೇಕು. ಒಂದೂವರೆ ಟನ್ನಿನ ಬ್ಯಾಟರಿ ಫೋರ್ಕ್‌ಲಿಫ್ಟ್ ಮಾಡೋಣ. "ಒಂದು ಟನ್ ಸ್ಟ್ಯಾಕರ್ ಮಾಡಿಲ್ವಾ? ಇದು ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ ಕಣೋ."

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಈ ಒಂದು ಮಾತಿನ ಮೇಲೆ. ಸ್ಟ್ಯಾಕರ್‌ನಲ್ಲಿ ಫೋರ್ಕಿನ ಕೆಳಗೆ ಎರಡು ಕಾಲು ಮುಂದಕ್ಕೆ ಚಾಚಿರುತ್ತವೆ. ಭಾರ ಚಕ್ರಗಳ ನಡುವೆಯೇ ಬೀಳುತ್ತದೆ, ಹಿಂದೆ ತೂಕ ಬೇಕಿಲ್ಲ. ಫೋರ್ಕ್‌ಲಿಫ್ಟ್‌ನಲ್ಲಿ ಭಾರ ಚಕ್ರದಿಂದ ಆಚೆ ನೇತಾಡುತ್ತದೆ. ಅದು ಏತದ ಹಾಗೆ. ಮುಂದಿನ ಚಕ್ರವೇ ಏತದ ಕಂಬ. ಮುಂದೆ ನೀರಿನ ಬಾನಿ ಇದ್ದರೆ ಹಿಂದೆ ಕಲ್ಲು ಇರಲೇಬೇಕು. ಸ್ಟ್ಯಾಕರ್ ಮಾಡಿದವನಿಗೆ ಎತ್ತುವುದು ಗೊತ್ತಿರುತ್ತದೆ, ಹಿಂದಿನ ಕಲ್ಲು ಗೊತ್ತಿರುವುದಿಲ್ಲ. ಇದು ದೊಡ್ಡ ಸ್ಟ್ಯಾಕರ್ ಅಲ್ಲ, ಬೇರೆಯೇ ಜಾತಿ.

ಆ ದಿನ ಇದನ್ನು ಯಾರೂ ಹೇಳಲಿಲ್ಲ. ನಾನು ರಿಪೋರ್ಟ್ ಬರೆದೆ. ಮೊದಲ ವರ್ಷ 12 ಗಾಡಿ, ಎರಡನೇ ವರ್ಷ 24 ಅಂತ ಹಾಕಿದೆ. ಆ ಅಂಕಿ ಎಲ್ಲಿಂದ ಬಂತು? ಸಾಲದ ಕಂತು ಕಟ್ಟಲು ಎಷ್ಟು ಬೇಕೋ ಅಲ್ಲಿಂದ ಬಂತು. ಗಾಡಿಯ ಸಾಮರ್ಥ್ಯ ಅನ್ನೋ ಕಡೆ "500 ಮಿ.ಮೀ. ಲೋಡ್ ಸೆಂಟರ್‌ನಲ್ಲಿ 1500 ಕೆಜಿ" ಅಂತ ಒಂದು ದೊಡ್ಡ ಕಂಪನಿಯ ಬ್ರೋಷರ್ ನೋಡಿ ಬರೆದೆ. ಲೋಡ್ ಸೆಂಟರ್ ಅಂದರೆ ಫೋರ್ಕಿನ ಬೆನ್ನಿನಿಂದ (ಅದರ ನೆಟ್ಟಗಿನ ಭಾಗ) ಭಾರದ ನಡುವಿಗೆ ಇರುವ ದೂರ. ಬ್ಯಾಂಕಿನವರು ಎಷ್ಟು ಗಾಡಿ ಅನ್ನೋ ಅಂಕಿಯ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಸಾಮರ್ಥ್ಯದ ಬಗ್ಗೆ ಕೇಳಲೇ ಇಲ್ಲ.

ಮೊದಲ ಗಾಡಿ

ಮಾಸ್ಟ್‌ನಲ್ಲೇ ಮೂರು ತಿಂಗಳು ಹೋಯಿತು. ದೊಡ್ಡ ಕಂಪನಿಗಳು ಮಾಸ್ಟ್‌ಗೆಂದೇ ಉರುಳಿಸಿದ ವಿಶೇಷ ಉಕ್ಕಿನ ಸೆಕ್ಷನ್ ಬಳಸುತ್ತವೆ. ಅದು ಎರಡು ಪೀಸ್, ನಾಲ್ಕು ಪೀಸ್ ಲೆಕ್ಕದಲ್ಲಿ ನಮ್ಮ ಕಬ್ಬಿಣದಂಗಡಿಯಲ್ಲಿ ಸಿಗುವಂಥದ್ದಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಬ್ಬಿಣದ ಚಾನೆಲ್‌ನ ಒಳಮೈ ಓರೆ. ಮಾಸ್ಟ್ ಒಳಗೆ ಉರುಳಬೇಕಾದ ರೋಲರ್ ಅದರ ಮೇಲೆ ಕೂರುವುದಿಲ್ಲ, ಅಂಚಿನಲ್ಲಿ ಮಾತ್ರ ತಾಗುತ್ತದೆ. ಬಾಮೈದ ಒಳಗೆ ಪಟ್ಟಿ ವೆಲ್ಡ್ ಮಾಡಿ, ಮಷೀನಿಂಗ್ ಮಾಡಿಸಿ ಸಮ ಮಾಡಿದ. ವೆಲ್ಡಿಂಗ್ ಬಿಸಿಗೆ ಚಾನೆಲ್ ಸೊಟ್ಟಗಾಯಿತು. ಮತ್ತೆ ನೆಟ್ಟಗೆ ಮಾಡಿದ. ಕೊನೆಗೆ ಮಾಸ್ಟ್ ಬೆಣ್ಣೆಯ ಹಾಗೆ ಏರಿ ಇಳಿಯಿತು. ಯಜಮಾನರು ಅದಕ್ಕೆ ಪೂಜೆ ಮಾಡಿಸಿದರು. ಅದು ನಿಜವಾಗಿಯೂ ಒಳ್ಳೆಯ ಕೆಲಸ. ಹೊಗಳಲು ಸಂಕೋಚವಿಲ್ಲ.

ಕೌಂಟರ್‌ವೇಯ್ಟ್ (ಹಿಂದಿನ ಆ ಕಲ್ಲು) ವಿಷಯಕ್ಕೆ ಬಂದಾಗ ದುಡ್ಡು ಮುಗಿಯುತ್ತಿತ್ತು. ಸುಮಾರು ಒಂದು ಟನ್ನಿನ ಎರಕ ಬೇಕು. ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ, ವಿಚಾರಿಸಿದರು. ಒಂದೇ ಪೀಸ್‌ಗೆ ಪ್ಯಾಟರ್ನ್ (ಎರಕದ ಅಚ್ಚಿಗೆ ಮಾದರಿ) ಮಾಡಿಸಿದರೆ ಆ ಖರ್ಚೆಲ್ಲ ಆ ಒಂದರ ಮೇಲೇ ಬೀಳುತ್ತದೆ. ಹತ್ತು ಮಾಡಿಸಿದರೆ ಹತ್ತಕ್ಕೂ ಅಡ್ವಾನ್ಸ್ ಕೊಡಬೇಕು.

ಯಜಮಾನರು ಪ್ಲೇಟಿನಲ್ಲಿ ಒಂದು ಪೆಟ್ಟಿಗೆ ಮಾಡಿಸಿ, ಒಳಗೆ ಕಬ್ಬಿಣದ ಚೂರು ಹಾಕಿ ಕಾಂಕ್ರೀಟ್ ತುಂಬಿಸಿದರು. ಮೇಲೆ ಪೇಂಟ್ ಹೊಡೆದರೆ ಎರಕದ್ದೇ ಅನ್ನಬೇಕು, ಹಾಗಿತ್ತು. ಆದರೆ ಲೆಕ್ಕ ನೋಡಿ. ಎರಕದ ಕಬ್ಬಿಣ ಒಂದು ಘನ ಮೀಟರಿಗೆ ಸುಮಾರು 7.2 ಟನ್ ತೂಗುತ್ತದೆ. ಕಾಂಕ್ರೀಟ್ 2.4. ಚೂರು ಬೆರೆಸಿದರೂ ಎರಕದ ಅರ್ಧ ಮುಟ್ಟುವುದು ಕಷ್ಟ. ಅಷ್ಟೇ ತೂಕಕ್ಕೆ ಪೆಟ್ಟಿಗೆ ದೊಡ್ಡದಾಗಬೇಕು. ಗಾಡಿಯ ಬಾಲ ಒಂದು ಗೇಣು ಉದ್ದವಾಯಿತು.

ಒಂದು ಗೇಣು ತಾನೇ ಅಂತ ನಾನೂ ಅಂದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಟ್ಟಿಗಳ ನಡುವಿನ ದಾರಿ ಹನ್ನೊಂದು ಅಡಿ. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ ತಿರುಗುತ್ತದೆ, ಬಾಲ ಹೊರಕ್ಕೆ ಬೀಸುತ್ತದೆ. ಮುಂದೆ ಪ್ಯಾಲೆಟ್ ಇಟ್ಟುಕೊಂಡು ಅಟ್ಟಿಗೆ ನೇರ ತಿರುಗುವಾಗ ಹಿಂದಿನ ಅಟ್ಟಿಯ ಚೀಲಕ್ಕೆ ಬಾಲ ಬಡಿಯುತ್ತಿತ್ತು. ಆಪರೇಟರ್ ಮುಂದೆ ಹಿಂದೆ ಮೂರು ಸಲ ಮಾಡಿ ತಿರುಗಿಸಬೇಕಾಯಿತು. ಹೀಗೆ ತಿರುಗಿಸುವ ಹೊತ್ತಿಗೆ ಹಮಾಲರು ಆರು ಚೀಲ ಇಟ್ಟು ಬಂದಿರುತ್ತಿದ್ದರು.

ಮೂರನೇ ದಿನ

ಟ್ರಯಲ್‌ಗೆ ಅಂತ ಗಾಡಿಯನ್ನು, ಮೊದಲ ತಳ್ಳುಗಾಡಿ ಕೊಂಡಿದ್ದ ಅದೇ ಕ್ಯೂರಿಂಗ್ ವರ್ಕ್ಸ್‌ಗೆ ಕೊಟ್ಟಿದ್ದರು. ಅರ್ಧ ಬೆಲೆ ಅಡ್ವಾನ್ಸ್ ಬಂದಿತ್ತು. ಮೂರನೇ ದಿನ ನಾನು ಹೋದಾಗ ಒಂದು ದೃಶ್ಯ ನೋಡಿದೆ. ಗಾಡಿಯ ಹಿಂದೆ, ಕಾಂಕ್ರೀಟ್ ಪೆಟ್ಟಿಗೆಯ ಮೇಲೆ, ಇಬ್ಬರು ಹಮಾಲರು ನಿಂತಿದ್ದಾರೆ. ಮುಂದೆ 25 ಚೀಲ. "ಹಿಂದೆ ಸ್ವಲ್ಪ ಲೈಟಾಗ್ತಿತ್ತು ಸಾರ್, ಅದಕ್ಕೇ ನಿಲ್ಸಿದ್ವಿ" ಅಂದರು ಹಮಾಲಿ ಮೇಸ್ತ್ರಿ, ನಗುತ್ತಾ. ಏತದ ಮರದ ಮೇಲೆ ಹಿಂದೆ ಮುಂದೆ ನಡೆಯುವವನ ನೆನಪಾಯಿತು. ನಾನೂ ನಕ್ಕೆ. ಯಜಮಾನರಿಗೆ ಹೇಳಿದೆ, ಅವರೂ ನಕ್ಕರು.

ಅವತ್ತೇ ಗಾಡಿ ನಿಲ್ಲಿಸಬೇಕಿತ್ತು. ಆ ಇಬ್ಬರು ಹಮಾಲರು ನಮಗೆ ಬೇಕಾದ ಪರೀಕ್ಷಾ ವರದಿಯನ್ನು ಬಾಯಲ್ಲೇ ಹೇಳಿದ್ದರು.

ಏನಾಗುತ್ತಿತ್ತು ಅಂದರೆ: ಪ್ಯಾಲೆಟ್ ಅಳತೆ 1200 ಗುಣಿಸು 1000 ಮಿ.ಮೀ. ಅದನ್ನು ಗಿಡ್ಡ ಕಡೆಯಿಂದ ಹಿಡಿದರೆ ಫೋರ್ಕಿನ ಉದ್ದಕ್ಕೆ 1200 ಬರುತ್ತದೆ. ಆಗ ಭಾರದ ನಡು ಫೋರ್ಕಿನ ಬೆನ್ನಿನಿಂದ 600 ಮಿ.ಮೀ. ದೂರ, 500 ಅಲ್ಲ. ಈ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಿಂದ ಫೋರ್ಕಿನ ಬೆನ್ನಿಗೆ 400. 1500 ಕೆಜಿಯನ್ನು 900 ಮಿ.ಮೀ. (400 + 500) ದೂರದಲ್ಲಿ ತಡೆಯುವ ಗಾಡಿ, 1000 ಮಿ.ಮೀ. (400 + 600) ದೂರದಲ್ಲಿ ತಡೆಯುವುದು 1350 ಕೆಜಿ ಮಾತ್ರ. 25 ಚೀಲ ಅಂದರೆ 1500 ಕೆಜಿ, ಪ್ಯಾಲೆಟ್ಟಿನದು ಇನ್ನೊಂದು 25 ಕೆಜಿ. ಮೂರು ಚೀಲ ಜಾಸ್ತಿ. ಅದೂ ಹಿಂದಿನ ತೂಕ ಕಾಗದದ ಮೇಲೆ ಇದ್ದಷ್ಟೇ ಇದೆ ಅಂದುಕೊಂಡರೆ.

ಗಾಡಿಯ ಫಲಕದಲ್ಲಿ 1500 ಕೆಜಿ ಅಂತ ದಪ್ಪಕ್ಷರದಲ್ಲಿತ್ತು. 500 ಮಿ.ಮೀ. ಅನ್ನೋದು ಪಕ್ಕದಲ್ಲಿ ಸಣ್ಣದಾಗಿತ್ತು. ಮೇಸ್ತ್ರಿ 60ರಿಂದ ಭಾಗಿಸಿದರು, 25 ಅಂತ ಬಂತು. ಅವರದೇನೂ ತಪ್ಪಿಲ್ಲ.

ಇಳಿಜಾರು

ಎಂಟನೇ ದಿನವೋ ಒಂಬತ್ತನೇ ದಿನವೋ ಗೋಡೌನ್‌ನಿಂದ ಅಂಗಳಕ್ಕೆ ಇಳಿಯುವ ಸಿಮೆಂಟ್ ಇಳಿಜಾರಿನಲ್ಲಿ ಆಪರೇಟರ್ ಭಾರ ಮುಂದಿಟ್ಟುಕೊಂಡು ನೇರ ಇಳಿದ. ಭಾರ ಹೊತ್ತ ಫೋರ್ಕ್‌ಲಿಫ್ಟ್ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಯಬೇಕು, ಭಾರ ಯಾವಾಗಲೂ ಏರಿನ ಕಡೆಗಿರಬೇಕು. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು.

ಹಿಂದಿನ ಚಕ್ರ ನೆಲ ಬಿಟ್ಟಿತು. ಸ್ಟೀರಿಂಗ್ ಇರುವುದೂ ಅದೇ ಚಕ್ರಕ್ಕೆ. ಇನ್ನು ತಿರುಗಿಸಿ ಏನು ಬಂತು? ಚೀಲಗಳು ಜಾರಿದವು, ಫೋರ್ಕಿನ ತುದಿ ಸಿಮೆಂಟಿಗೆ ಕಚ್ಚಿಕೊಂಡಿತು, ಗಾಡಿ ಮೂಗು ಊರಿ ನಿಂತಿತು. ಪಕ್ಕದಲ್ಲಿದ್ದ ಒಬ್ಬ ಹಮಾಲ ಹಾರಿಕೊಂಡ, ಮೊಣಕೈ ತರಚಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅಂಗಳದ ತುಂಬ ಕಾಫಿ ಬೀಜ.

ಮರುದಿನ ಬಾಮೈದ ಒಂದು ಕೆಲಸ ಮಾಡಿದ. ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದು ಮೊದಲು ಪೂರ್ತಿ, ಆಮೇಲೆ ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನ ಚಕ್ರ ಮಾತ್ರ ತೂಗಿಸಿದ. ಪೆಟ್ಟಿಗೆ ಲೆಕ್ಕದಲ್ಲಿ ಬರೆದದ್ದಕ್ಕಿಂತ ಸುಮಾರು 180 ಕೆಜಿ ಕಮ್ಮಿ ಇತ್ತು. ಕಾಂಕ್ರೀಟಿನಲ್ಲಿ ಚೂರು ಅಂದುಕೊಂಡಷ್ಟು ಹಿಡಿದಿರಲಿಲ್ಲ. ವೇಬ್ರಿಡ್ಜ್ ಶೆಡ್ಡಿನಿಂದ ಅರ್ಧ ಕಿಲೋಮೀಟರ್. ಇವರ ಟ್ರೈಲರ್‌ಗಳು ವರ್ಷಗಟ್ಟಲೆ ಅಲ್ಲೇ ತೂಗಿವೆ. ಫೋರ್ಕ್‌ಲಿಫ್ಟ್‌ನ ಸ್ಥಿರತೆ ನೋಡಲು ದೊಡ್ಡ ಕಂಪನಿಗಳಲ್ಲಿ ಓರೆಯಾಗುವ ವೇದಿಕೆ ಇರುತ್ತದೆ, ಅದಕ್ಕೆ ಇಂದು ಐಎಸ್ಒ 22915 ಅನ್ನೋ ಮಾನದಂಡವೂ ಇದೆ. ಅದೆಲ್ಲ ನಮಗೆ ಎಟುಕದ್ದು, ಒಪ್ಪಿದೆ. ವೇಬ್ರಿಡ್ಜ್ ಚೀಟಿ ಎಟುಕುತ್ತಿತ್ತು.

ನಿರ್ಧಾರ

ಯಜಮಾನರು ಇನ್ನೂ 300 ಕೆಜಿ ಹಿಂದಕ್ಕೆ ವೆಲ್ಡ್ ಮಾಡೋಣ ಅಂದರು. ಬಾಮೈದ ಒಪ್ಪಲಿಲ್ಲ. "ಭಾವ, ಅಷ್ಟು ಹಾಕಿದ್ರೆ ಹಿಂದಿನ ಆಕ್ಸಲ್ ತಡೆಯಲ್ಲ. ಆಕ್ಸಲ್ ದೊಡ್ಡದು ಮಾಡಿದ್ರೆ ಬ್ರೇಕ್ ಸಾಲಲ್ಲ, ಮೋಟರ್ ಸಾಲಲ್ಲ. ಬಾಲ ಇನ್ನೂ ಉದ್ದ ಆಗುತ್ತೆ." ಅವನು ಹೇಳಿದ್ದು ನಿಜ. ಗಾಡಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಇಬ್ಬರೂ ಗಂಟೆಗಟ್ಟಲೆ ವಾದ ಮಾಡಿದರು. ಮುಗಿಸಿದ್ದು ಕ್ಯಾಶ್ ಪುಸ್ತಕ ಹಿಡಿದಿದ್ದವರು. "ರೀ, ಇದು ಇಲ್ಲೇ ಹಾಸನದಲ್ಲಿ ಆಯ್ತು, ನೀವು ಓಡಿ ಹೋದ್ರಿ. ನಾಳೆ ಹನ್ನೆರಡು ಗಾಡಿ ಹನ್ನೆರಡು ಊರಲ್ಲಿ ಇದ್ರೆ ಯಾರು ಹೋಗ್ತೀರಾ?" ಅಂದರು. ಆಪರೇಟರ್‌ಗೆ ಯಾರು ಕಲಿಸುತ್ತಾರೆ, ಬಿಡಿಭಾಗ ಎಲ್ಲಿಡುತ್ತೀರಿ, ಏನಾದರೂ ಆದರೆ ಹೊಣೆ ಯಾರದು ಅಂತ ಕೇಳಿದರು. ನನ್ನ ರಿಪೋರ್ಟಿನಲ್ಲಿ ಇದ್ಯಾವುದಕ್ಕೂ ಒಂದು ಸಾಲೂ ಇರಲಿಲ್ಲ.

ಆಮೇಲೆ ನಾನು ಹಳೆಯ ಕಂಪನಿಗಳ ಇತಿಹಾಸವನ್ನು ಬೇರೆ ಕಣ್ಣಿನಿಂದ ಓದಿದೆ. ಕ್ಲಾರ್ಕ್ ಹಿಂದೆ ಆಕ್ಸಲ್ ಇತ್ತು. ಯೇಲ್ ಹಿಂದೆ ಬೀಗ ಮತ್ತು ಚೈನ್ ಹಾಯಿಸ್ಟ್ ಇತ್ತು. 1956ರಲ್ಲಿ ಮೊದಲ ಫೋರ್ಕ್‌ಲಿಫ್ಟ್ ತಂದ ಟೊಯೊಟಾ ಹಿಂದೆ ಮಗ್ಗ ಮತ್ತು ಮೋಟಾರು. ನಮ್ಮ ಗೋದ್ರೆಜ್ 1960ರ ದಶಕದಲ್ಲಿ ಇದಕ್ಕೆ ಕೈ ಹಾಕುವ ಹೊತ್ತಿಗೆ 1897ರಿಂದ ಬೀಗ, ತಿಜೋರಿ ಮಾಡಿ ಗಟ್ಟಿಯಾಗಿತ್ತು. (ಬೀಗದವರಿಗೂ ಫೋರ್ಕ್‌ಲಿಫ್ಟ್‌ಗೂ ಏನು ನಂಟೋ!) ಒಬ್ಬರೂ ಬರಿಗೈಯಲ್ಲಿ ಬಂದವರಲ್ಲ. ಇವರ ಹಿಂದೆ ಇದ್ದದ್ದು ಒಂದು ಲೇತ್ ಮತ್ತು ನನ್ನ ರಿಪೋರ್ಟು.

ಗಾಡಿ ವಾಪಸ್ ತಂದರು. ಅಡ್ವಾನ್ಸನ್ನು ಎರಡು ಸೀಸನ್‌ನಲ್ಲಿ ತೀರಿಸಿದರು. ಸಾಲಕ್ಕೆ ಊರಿನ ಒಂದು ಸೈಟ್ ಹೋಯಿತು. ಹನ್ನೊಂದು ಜನರಲ್ಲಿ ಐವರು ಉಳಿದರು. ಆ ಕ್ಯೂರಿಂಗ್ ವರ್ಕ್ಸ್‌ನವರು ಮುಂದೆ ದೊಡ್ಡ ಕಂಪನಿಯ ಫೋರ್ಕ್‌ಲಿಫ್ಟ್ ಕೊಂಡರು. ಅದರ ಚೈನ್, ಸೀಲ್, ಟೈರ್ ಕೆಲಸಕ್ಕೆ ಕರೆಯುವುದು ಮಾತ್ರ ಇವರನ್ನೇ.

ಈಗ ಕಂಪನಿ ರಿಪೇರಿ ಮಾಡುತ್ತದೆ, ಒಂದು ಟನ್ನಿನ ಬ್ಯಾಟರಿ ಸ್ಟ್ಯಾಕರ್ ಮಾಡುತ್ತದೆ. ಬಿಲ್ಲೆ ಹಾಕಿದ ಚಕ್ರ ಹಾಗೇ ಇದೆ. ಆರ್ಡರ್ ಬಂದರೆ ಬಾಮೈದ ಮೊದಲು ಟೇಪ್ ತಗೊಂಡು ಗೋಡೌನ್‌ಗೆ ಹೋಗುತ್ತಾನೆ. ದಾರಿ ಎಷ್ಟಗಲ, ಪ್ಯಾಲೆಟ್ ಯಾವ ಕಡೆಯಿಂದ ಹಿಡಿಯುತ್ತಾರೆ, ಚೀಲ ಎಷ್ಟು ಕೆಜಿ, ಎಲ್ಲ ಬರೆದುಕೊಂಡು ಬರುತ್ತಾನೆ. ಆಮೇಲೇ ಫಲಕ ಬರೆಯುವುದು. ಫಲಕದಲ್ಲಿ ಕೆಜಿ, ಮಿಲಿಮೀಟರ್ ಕೆಳಗೆ ಸಣ್ಣದಾಗಿರುತ್ತವೆ. ಮೇಲೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿ: "60 ಕೆಜಿ ಚೀಲ 16. ಹಿಂದೆ ಯಾರೂ ನಿಲ್ಲಬೇಡಿ."

ಸ್ಟ್ಯಾಕರ್‌ಗೆ ಹಿಂದೆ ನಿಲ್ಲುವ ಜಾಗವೇ ಇಲ್ಲವಲ್ಲ ಅಂದೆ. "ಇರ್ಲಿ ಬಿಡಿ ಸಾರ್" ಅಂದ. ಕಳೆದ ಸೀಸನ್‌ನಲ್ಲಿ ಹೊಸ ಗಾಡಿ ಕೊಡಲು ನಾನೂ ಜೊತೆಗೆ ಹೋಗಿದ್ದೆ. ಹಮಾಲಿ ಮೇಸ್ತ್ರಿ ಕನ್ನಡಕ ಹಾಕಿಕೊಂಡು ಫಲಕ ಓದಿದರು. ಪ್ಯಾಲೆಟ್ ಮೇಲಿನ ಚೀಲ ಎಣಿಸಿದರು. ಇನ್ನೊಂದು ಚೀಲ ಹೊತ್ತು ಬರುತ್ತಿದ್ದವನಿಗೆ ಅಲ್ಲಿಂದಲೇ ಕೈ ಅಡ್ಡ ಮಾಡಿ, ಪಕ್ಕದ ಪ್ಯಾಲೆಟ್ ತೋರಿಸಿದರು.